ಬೆಳ್ಳಗಾದ ಮೈಲುತುತ್ತ

ತುಂಗಭದ್ರೆಯ ದಡದಲ್ಲಿ ಒಂದು ಸಣ್ಣ ಮಠ. ದನಗಳ ಗೊರಸಿನ ಹುಣ್ಣಿಗೆ ಅಲ್ಲಿ ಮುಲಾಮು ಕೊಡುತ್ತಿದ್ದರು.

ಮುಲಾಮಿಗೆ ಬೇಕಾದ ಮೈಲುತುತ್ತದ ನೀಲಿ ಹರಳನ್ನು ಹುರಿದು, ಹರಳೆಣ್ಣೆಯಲ್ಲಿ ಕಲಸುವವರೆಗೂ ಗುರುಗಳಾದ ನಿರಂಜನಯ್ಯನವರು ಒಲೆಮನೆಯ ಬಾಗಿಲು ತೆರೆಯುತ್ತಿರಲಿಲ್ಲ. ಅವರ ಕೈ ನಡುಗತೊಡಗಿದ ಮೇಲೆ ಆ ಕೆಲಸ ಹಿರಿಯ ಶಿಷ್ಯ ಚನ್ನವೀರನಿಗೆ ಬಂತು; ಹುರಿಯುವುದನ್ನು ಅವನು ಅದುವರೆಗೆ ಕಂಡಿರಲಿಲ್ಲ. ಒಲೆ ಉರಿಸಲು ಅವನ ಕೈಕೆಳಗೆ ಹೊಸಬ ಗಾದಿಲಿಂಗ ಇದ್ದ.

ಆ ಮಠದಲ್ಲೊಂದು ಪದ್ಧತಿ. ಹೊಸಬ ಉಳಿಯಬೇಕೋ ಹೋಗಬೇಕೋ ಎಂದು ಹೇಳುವವರು ಗುರುಗಳಲ್ಲ, ಅವನಿಗೆ ಕೆಲಸ ಕಲಿಸುವ ಹಿರಿಯ ಶಿಷ್ಯ. ಗಾದಿಲಿಂಗನಿಗೆ ಮಠ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ಅದು ಚನ್ನವೀರನಿಗೂ ಗೊತ್ತಿತ್ತು.

ಮೊದಲ ಸಲ ಹುರಿದ ದಿನವೇ ಚನ್ನವೀರ ಮುಖ ಗಂಟಿಕ್ಕಿಕೊಂಡು ಗುರುಗಳ ಮುಂದೆ ಬಂದು ನಿಂತ.

“ಅಜ್ಜಾರ, ಗಾದಿಲಿಂಗನ್ನ ಕಳಿಸಿಬಿಡ್ತೀನ್ರಿ.”

“ಏನಾತು?”

“ಉರಿ ಹೆಚ್ಚು ಮಾಡಿ ಮೈಲುತುತ್ತ ಸುಟ್ಟಾನ್ರಿ. ಅಷ್ಟು ಚಂದ ನೀಲಿ ಇದ್ದದ್ದು ಬೂದಿಯಾಗಿ ಕುಂತೈತಿ. ಸತ್ವ ಎಲ್ಲಾ ಹೋತು. ಹಂಚಿನ ಸಮೇತ ತಿಪ್ಪೀಗೆ ಒಗದು ಬಂದೆ.”

“ಅಂವ ಏನಂದ?”

“ಏನಂತಾನ್ರಿ? ಅವಗ ಬಾಯಿ ಐತೇನು? ಕೇಳಿದ್ರ ನೆಲಾ ನೋಡ್ತಾನ. ಅವನಾಗೂ ಸತ್ವ ಇಲ್ರಿ. ಗಂಟು ಕಟ್ಟು, ದೋಣಿ ಬರೂತನಕ ದಂಡಿ ಮ್ಯಾಲೆ ಕುಂದ್ರು ಅಂದೀನಿ.”

ಗುರುಗಳು ಎದ್ದರು.

“ಒಂದು ತಂಬಿಗಿ ನೀರು ತಗೋ. ಎರಡು ಬಟ್ಟಲ, ಒಂದು ಹಿಡಿ ಉಪ್ಪು, ಒಂದು ಕಬ್ಬಿಣದ ಚಾಕು. ನಡಿ, ತಿಪ್ಪಿ ತೋರ್ಸು.”

ಬಿಳಿ ಪುಡಿ ಹಂಚಿನಲ್ಲೇ ಉಳಿದಿತ್ತು. ಗುರುಗಳು ಒಂದು ಎಲೆಯಿಂದ ಅದನ್ನು ಸ್ವಲ್ಪ ಸ್ವಲ್ಪ ಎರಡೂ ಬಟ್ಟಲಿಗೆ ಹಾಕಿ ಮೇಲೆ ನೀರು ಹೊಯ್ದರು.

ಎರಡೂ ಬಟ್ಟಲಲ್ಲಿ ನೀಲಿ ಎದ್ದು ಬಂತು.

ಚನ್ನವೀರ ಬಾಯಿ ಬಿಟ್ಟುಕೊಂಡು ನೋಡಿದ. ಬಟ್ಟಲು ಮುಟ್ಟಿದ. ಬೆಚ್ಚಗಿತ್ತು.

“ಸುಟ್ಟಿದ್ದಿಲ್ಲೇನ್ರಿ?”

“ಹುರಿದ್ರ ಬೆಳ್ಳಗಾಗೂದ ಅದರ ಗುಣ. ಅಂವ ಉರಿ ಸರಿಯಾಗೇ ಹಾಕ್ಯಾನ.”

ಗುರುಗಳು ಒಂದು ಬಟ್ಟಲಿಗೆ ಹಿಡಿ ಉಪ್ಪು ಸುರಿದು ಕಲಕಿದರು. ನೀಲಿ ಹೋಗಿ ಹಸಿರಾಯಿತು.

“ಈಗ ಚಾಕು ಅದ್ದು. ಎರಡರಾಗೂ.”

ಚನ್ನವೀರ ಅದ್ದಿದ. ನೀಲಿಯಲ್ಲಿ ಚಾಕುವಿನ ಮೇಲೆ ಕೆಂಪು ತಾಮ್ರ ಹತ್ತಿಕೊಂಡಿತು. ಒರೆಸಿ ಹಸಿರಿನಲ್ಲಿ ಅದ್ದಿದ. ಅಲ್ಲೂ ಅದೇ ತಾಮ್ರ.

“ಒಳಗಿರಾವ ಒಬ್ಬನ,” ಎಂದರು ಗುರುಗಳು. “ತಾಮ್ರ ತನ್ನ ಸುತ್ತ ನಾಕಾರು ಮಂದೀನ ಕುಂದ್ರಿಸಿಕೊಂಡಿರ್ತೈತಿ. ನೀರು ಕುಂತ್ರ ನೀಲಿ. ಉಪ್ಪು ಬಂದು ನೀರನ್ನ ಎಬ್ಬಿಸಿ ತಾ ಕುಂತ್ರ ಹಸರು. ಒಲಿ ಮ್ಯಾಲಿಟ್ಟು ನೀರನ್ನೆಲ್ಲಾ ಓಡಿಸಿದ್ರ ಬಿಳಿ.”

ಚನ್ನವೀರನಿಗೆ ತಾತ್ಪರ್ಯ ಹೊಳೆದುಬಿಟ್ಟಿತು. ಅವನಿಗೆ ತಾತ್ಪರ್ಯ ಯಾವಾಗಲೂ ಬಲು ಬೇಗ ಹೊಳೆಯುತ್ತಿತ್ತು.

“ತಿಳೀತ್ರಿ ಅಜ್ಜಾರ. ಎಲ್ಲಾ ಸಹವಾಸದ್ದು. ಗಾದಿಲಿಂಗ ಎಂಥಾ ಮಂದಿ ನಡುವ ಬೆಳದಾನೋ ಏನೋ, ಅದಕ್ಕ ಹಂಗ ಆಗ್ಯಾನ.”

ಗುರುಗಳು ಕೈ ತೊಳೆದುಕೊಂಡರು.

“ನಿನ್ನೆ ಕೊಟ್ಟಿಗ್ಯಾಗ ಅಂವ ಹಾಡಾಕತ್ತಿದ್ದ. ಕೇಳಿದೇನು?”

“ಗಾದಿಲಿಂಗ? ಹಾಡಾಕತ್ತಿದ್ನ?”

“ಕುಂಟ ಆಕಳ ಗೊರಸು ತೊಳಕೋಂತ. ಮೊನ್ನೆ ಅಂಬಿಗರ ಕೂಡ ಕುಂತು ಹೊಟ್ಟಿ ಹಿಡ್ಕೊಂಡು ನಗಾಕತ್ತಿದ್ದ. ನಾ ಆ ಕಡೆ ಹೋದ್ರ ನನಗೂ ಒಂದು ನಗಿಮಾತು ಹೇಳ್ತಾನ.”

ಚನ್ನವೀರ ಹಂಚಿನ ಮೇಲಿದ್ದ ಬಿಳಿ ಪುಡಿಯನ್ನೇ ನೋಡುತ್ತ ನಿಂತ.

“ನನ್ನ ಮುಂದ ಅಂವ ಒಂದು ದಿನಾನೂ ನಕ್ಕಿಲ್ರಿ,” ಎಂದ ಕೊನೆಗೆ.

ಗುರುಗಳು ಚಾಕು ಒರೆಸಿ ಬದಿಗಿಟ್ಟರು.

ಚನ್ನವೀರನಿಗೆ ಬಹಳ ನಾಚಿಕೆಯಾಯಿತು. ಬೆಳಗಿನಿಂದ ತಾನು ಆಡಿದ ಮಾತುಗಳೆಲ್ಲ ನೆನಪಿಗೆ ಬಂದವು. ಮಠಕ್ಕೆ ಬಂದ ದಿನ ಗಾದಿಲಿಂಗ ತನ್ನನ್ನು “ಅಣ್ಣಾರ” ಎಂದು ಕರೆದದ್ದೂ, ತಾನು ತಿರುಗಿ ನೋಡದೆ ಹೋದದ್ದೂ ನೆನಪಾಯಿತು.

ಅತ್ತ ಹೊಳೆಯಲ್ಲಿ ದೋಣಿ ಈ ದಡದ ಕಡೆ ತಿರುಗಿತ್ತು. ದಂಡೆಯ ಬಂಡೆಯ ಮೇಲೆ, ಗಂಟನ್ನು ಮಡಿಲಲ್ಲಿಟ್ಟುಕೊಂಡು ಗಾದಿಲಿಂಗ ಕೂತಿದ್ದ.

“ಅಜ್ಜಾರ, ಈಗ ಹೋಗಿ ಅವಗ ಏನಂತ ಹೇಳ್ಲಿ?”

ಗುರುಗಳು ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಅವನ ಕೈಗೆ ಕೊಟ್ಟರು.

“ಬಿಸಲು ಏರೈತಿ ತಮ್ಮಾ. ಮುಂಜಾನಿಂದ ಅಂವ ಗುಟುಕು ನೀರು ಕುಡದಿಲ್ಲ.”