ಮುಷ್ಟಿಮಲ್ಲನ ಗೆಲುವುಗಳು

ಪಂಡಿತರು ಎದುರುಬದುರು ಕುಳಿತು ವಾದಿಸುವ ವಾಕ್ಯಾರ್ಥ ಸಭೆಗೆ ಇನ್ನೊಂದೇ ದಿನ ಉಳಿದಿತ್ತು. ಮಧ್ಯಾಹ್ನದ ಪಾಠ ಮುಗಿದ ಮೇಲೆ, ಅಲ್ಲಿ ವಾದಿಸಲಿದ್ದ ಶಂಭುವೆಂಬ ಶಿಷ್ಯನು ಗುರುಗಳಾದ ತಿಮ್ಮಣ್ಣ ಅವಧಾನಿಗಳನ್ನು ಕೇಳಿದನು: "ಹೆಂಡದ ಗುತ್ತಿಗೆದಾರ ನನ್ನನ್ನು ಗಾಡಿಯಲ್ಲಿ ಸಭೆಗೆ ಕಳುಹಿಸುತ್ತಾನಂತೆ. ನಮ್ಮೂರಿನವರೇ ಗೆಲ್ಲಬೇಕು, ಗೆದ್ದೇ ಗೆಲ್ಲುತ್ತೀರಿ ಎಂದು ಹೇಳಿಕಳುಹಿಸಿದ್ದಾನೆ. ಕೆಡುಕನೇ ಇರಬಹುದು. ಆದರೆ ನನ್ನಿಂದ ಏನನ್ನೂ ಕೇಳಿಲ್ಲವಲ್ಲ, ಗುರುಗಳೇ. ಒಪ್ಪಿಕೊಂಡರೆ ದೋಷವೇ?"

ಅವಧಾನಿಗಳು ಹೇಳಿದರು:

ದಂಡಿನ ಊರೊಂದರಲ್ಲಿ ಒಬ್ಬ ಮುಷ್ಟಿಮಲ್ಲನಿದ್ದನು. ಕೈಗೆ ಚರ್ಮದ ಗವಸು ತೊಟ್ಟು, ಹಗ್ಗ ಕಟ್ಟಿದ ಕಣದಲ್ಲಿ ಗುದ್ದಾಡುವುದು ಅವನ ವೃತ್ತಿ. ಜೂಜುಕಟ್ಟೆಯ ಒಡೆಯನೊಬ್ಬನು ಪಣ ಕಟ್ಟಲೆಂದು ಅವನನ್ನು ಸಾಕಿದನು. ಹಣಕ್ಕಾಗಿ ಬೇಕೆಂದೇ ಸೋತುಬಿಡು ಎಂದು ಒಮ್ಮೆಯೂ ಹೇಳಲಿಲ್ಲ. ಮಲ್ಲನು ಹತ್ತು ವರ್ಷ ಗೆದ್ದನು. ಒಡೆಯನನ್ನು ಜನ ಹಳಿದಾಗಲೆಲ್ಲ, ನನ್ನ ಮುಷ್ಟಿ ಶುದ್ಧವಾಗಿದೆಯಲ್ಲ ಎಂದು ಸಮಾಧಾನ ತಂದುಕೊಳ್ಳುತ್ತಿದ್ದನು.

ಒಂದು ದಿನ ಸಂತೆಯಲ್ಲಿ, ತಾನು ಹಿಂದೆ ಕಣದಲ್ಲಿ ಕೆಡವಿದ್ದ ಗಾಡಿಕಾರನೊಬ್ಬನನ್ನು ಕಂಡು, 'ದವಡೆ ಈಗ ಹೇಗಿದೆಯಪ್ಪಾ?' ಎಂದು ಕೆಣಕಿದನು.

ಗಾಡಿಕಾರನು ನಕ್ಕನು. 'ದವಡೆಗೇನಾಗಿದೆ ಅಣ್ಣಾ? ನಿಮ್ಮ ಗುದ್ದು ತಗಲುವ ಮೊದಲೇ ಮಲಗಿಬಿಟ್ಟಿದ್ದೆನಲ್ಲ. ಹಿಂದಿನ ದಿನ ನಿಮ್ಮ ಯಜಮಾನರ ಆಳುಗಳು ಮನೆಗೆ ಬಂದು ಮಕ್ಕಳ ಹೆಸರೆಲ್ಲ ಕೇಳಿಕೊಂಡು ಹೋಗಿದ್ದರು. ನಿಮಗೆ ಗೊತ್ತೇ ಇದೆ ಎಂದುಕೊಂಡಿದ್ದೆ.'

ಅಂದಿನಿಂದ ಮಲ್ಲನು ಕುಳಿತಲ್ಲಿ ಕೂರಲಾರದೆ ಹೋದನು. ಗೆಲುವುಗಳಲ್ಲಿ ತನ್ನವು ಯಾವುವು? ಸೋತವರನ್ನೆಲ್ಲ ಹುಡುಕಿಕೊಂಡು ಹೋದನು. ಕೆಲವರು ನಿಜವಾಗಿಯೇ ಸೋತೆವೆಂದರು. ಅವನಿಗೆ ನಂಬಿಕೆ ಬರಲಿಲ್ಲ. ಒಬ್ಬನನ್ನು ಹಿತ್ತಿಲಿಗೆ ಕರೆದು, 'ಯಾರೂ ನೋಡುತ್ತಿಲ್ಲ, ಹೊಡೆ' ಎಂದನು. ಆ ಮನುಷ್ಯ ಮಲ್ಲನ ಮೊದಲ ಗುದ್ದಿಗೇ ನೆಲಕ್ಕುರುಳಿದನು. ತನ್ನ ಬಲಕ್ಕೆ ಬಿದ್ದನೋ, ಒಡೆಯನ ಅಂಜಿಕೆಗೆ ಬಿದ್ದನೋ, ಮಲ್ಲನಿಗೆ ತಿಳಿಯಲಿಲ್ಲ. ಕಡೆಗೆ ಒಡೆಯನನ್ನು ತೊರೆದು, ಹೆಸರು ಮರೆಸಿಕೊಂಡು, ದೂರದ ಊರುಗಳಲ್ಲಿ ಕಣಕ್ಕಿಳಿದನು. ಅಷ್ಟರಲ್ಲಿ ಪ್ರಾಯ ಕಳೆದಿತ್ತು, ಎಲ್ಲೆಡೆ ಸೋತನು. 'ಹರೆಯದಲ್ಲಾಗಿದ್ದರೆ ನಾನು ಗೆಲ್ಲುತ್ತಿದ್ದೆನೇ?' ಎಂದು ಎದುರಿಗೆ ಸಿಕ್ಕವರನ್ನೆಲ್ಲ ಸಾಯುವವರೆಗೆ ಕೇಳುತ್ತಲೇ ಇದ್ದನು.

ಶಂಭು ಅಂದನು: "ಅದು ಮುಷ್ಟಿಯ ಮಾತಾಯಿತು, ಗುರುಗಳೇ. ನನ್ನದು ಶಾಸ್ತ್ರ."

ಅವಧಾನಿಗಳು ಕೇಳಿದರು: "ನಾಳೆ ನಿನ್ನೆದುರು ಕೂರುವ ಪಂಡಿತನ ಮನೆಗೆ ಆ ಗುತ್ತಿಗೆದಾರ ಯಾರನ್ನು ಕಳುಹಿಸಿದ್ದಾನೆ, ವಿಚಾರಿಸಿದೆಯಾ?"



ಆ ಸಂಜೆಯೇ ಶಂಭು ಗಾಡಿ ಬೇಡವೆಂದು ಹೇಳಿಕಳುಹಿಸಿ, ಎದುರಾಳಿಯ ಮನೆಗೆ ಹೋಗಿ, ಗುತ್ತಿಗೆದಾರನಿಗೂ ತನಗೂ ಸಂಬಂಧವಿಲ್ಲವೆಂದು ಹೇಳಿಬಂದನು. ಮರುದಿನ ಮಧ್ಯಾಹ್ನದೊಳಗೆ ವಾದದಲ್ಲಿ ಸೋತನು. ಅದರ ಮರುದಿನ ತಾನು ವಾದಿಸಿ ಸೋತ ಗ್ರಂಥವನ್ನು ಮತ್ತೆ ಮೊದಲ ಪುಟದಿಂದ ಓದತೊಡಗಿದನು.