ಸೂಜಿಮಲ್ಲಿಯ ಬಿಲಕ್ಕೆ ಬಂದ ಬಿಸಿ

ಮಕ್ಕಳೇ, ಚಳಿಗಾಲ ಬಂದರೆ ಮೈ ಕೊರೆಯುವ ಗಾಳಿ ಬೀಸುವ ಒಂದು ಬೆಟ್ಟವಿತ್ತು. ಅದರ ಮಗ್ಗುಲಲ್ಲಿ ಉದ್ದನೆಯ ಬಿಲ ತೋಡಿಕೊಂಡು ಮುಳ್ಳುಹಂದಿಗಳ ಬಳಗವೊಂದು ವಾಸವಾಗಿತ್ತು. ಬಳಗಕ್ಕೆ ಸೂಜಿಮಲ್ಲಿ ಯಜಮಾನಿ. ಒಳ್ಳೆಯವಳು, ಮೈಮುರಿದು ದುಡಿಯುವವಳು. ಆದರೆ ದೊಡ್ಡವರು ಎದುರು ನಿಂತು ಏನಾದರೂ ಹೇಳಿದರೆ ಸಾಕು, ಬೇಡ ಅನ್ನಲು ಅವಳಿಗೆ ಬಾಯೇ ಬರುತ್ತಿರಲಿಲ್ಲ.

ಬೆಟ್ಟದ ಮೇಲುಗಡೆ ಕರಡಿಯಣ್ಣನ ಜಾಗದಲ್ಲಿ ಬಿಸಿನೀರಿನ ಬುಗ್ಗೆಯಿತ್ತು. ಅಲ್ಲಿಂದ ಹೊರಟ ಸಣ್ಣ ಕಾಲುವೆ ಬಿಲದ ಮೇಲುಬಾಗಿಲಲ್ಲಿ ಹೊಕ್ಕು, ನೆಲವನ್ನೆಲ್ಲ ಬೆಚ್ಚಗೆ ಮಾಡಿ, ಕೆಳಬಾಗಿಲಲ್ಲಿ ಹರಿದುಹೋಗುತ್ತಿತ್ತು. ಅದಕ್ಕೆ ಬದಲಾಗಿ ಮುಳ್ಳುಹಂದಿಗಳು ಅವನಿಗೆ ಗೆಡ್ಡೆ ಅಗೆದು ಕೊಡಬೇಕಿತ್ತು. ಗೆಡ್ಡೆ ರುಚಿಸದಿದ್ದರೆ ಕರಡಿಯಣ್ಣ ಕಾಲುವೆಗೆ ಕಲ್ಲು ಅಡ್ಡ ಇಟ್ಟುಬಿಡುತ್ತಿದ್ದ. ಮರಿಗಳು ಗಡಗಡ ನಡುಗುತ್ತಿದ್ದವು.

"ಹೀಗೆ ಎಷ್ಟು ದಿನ ಅಕ್ಕಾ?" ಎಂದ ಅವಳ ತಮ್ಮ ದಬ್ಬಣ. "ಅತ್ತಿಮರದ ಬೇರಿನ ಹತ್ತಿರ, ಎತ್ತರದಲ್ಲಿ, ಒಂದು ಒಣ ಕೋಣೆ ತೋಡೋಣ. ತರಗೆಲೆ ತುಂಬಿಕೊಂಡು ಮಲಗಿದರೆ ಯಾರ ಹಂಗೂ ಇರುವುದಿಲ್ಲ."

ಸೂಜಿಮಲ್ಲಿಗೆ ಮಾತು ಹಿಡಿಸಿತು. ಎಲ್ಲರೂ ಸೇರಿ ಅಗೆಯತೊಡಗಿದರು.

ಸುದ್ದಿ ಕೇಳಿ ಕರಡಿಯಣ್ಣ ಇಳಿದು ಬಂದ. "ಕೋಣೆ ಯಾಕಮ್ಮ? ಮೇಲುಬಾಗಿಲು ಅಗಲ ಮಾಡು. ಇನ್ನೂ ಜಾಸ್ತಿ ನೀರು ಬಿಡುತ್ತೇನೆ."

"ಆಗಲಿ ಕರಡಿಯಣ್ಣ," ಎಂದಳು ಸೂಜಿಮಲ್ಲಿ.

ಕೆಳಗಿನ ಕಣಿವೆಯ ಆನೆಯಕ್ಕನಿಗೂ ಕರಡಿಗೂ ಮೊದಲಿನಿಂದ ಆಗುತ್ತಿರಲಿಲ್ಲ. ಅವಳೂ ಬಂದಳು. "ಆ ಕರಡಿಯನ್ನು ನಂಬುತ್ತೀಯಾ? ಕೆಳಬಾಗಿಲು ಅಗಲ ಮಾಡು. ನಮ್ಮ ಹಿಂಡಿನ ಬಿಸಿ ಲದ್ದಿ ತಂದು ಅಲ್ಲೇ ರಾಶಿ ಹಾಕಿಸುತ್ತೇನೆ. ಗೆಡ್ಡೆ ಮಾತ್ರ ಇನ್ನು ನನಗೆ."

"ಆಗಲಿ ಆನೆಯಕ್ಕ."

ದಬ್ಬಣ ತಲೆ ಚಚ್ಚಿಕೊಂಡ. "ಅಕ್ಕಾ, ಇಬ್ಬರಿಗೂ ಒಪ್ಪಿಕೊಂಡೆಯಲ್ಲ! ಕೋಣೆ ಯಾರು ತೋಡುವುದು?"

"ಇಬ್ಬರೂ ಕೊಟ್ಟರೆ ನಮಗೇನು ನಷ್ಟ?" ಎಂದಳು ಅವಳು. ಬಳಗವೆಲ್ಲ ಎರಡು ಬಾಗಿಲುಗಳ ಕೆಲಸಕ್ಕೆ ಬಿತ್ತು. ಕೋಣೆ ಅರ್ಧಕ್ಕೇ ನಿಂತಿತು.

ಚಳಿ ಶುರುವಾದ ಬೆಳಿಗ್ಗೆ ಆನೆಗಳು ಕೆಳಬಾಗಿಲಲ್ಲಿ ಲದ್ದಿ ಸುರಿದವು. ಅದನ್ನು ಕಂಡ ಕರಡಿಯಣ್ಣ ಹಟಕ್ಕೆ ಬಿದ್ದು ಇದ್ದಬದ್ದ ಕಲ್ಲನ್ನೆಲ್ಲ ತೆಗೆದ. ನೀರು ಭೋರೆಂದು ನುಗ್ಗಿತು. ಹೊರಗೆ ಹೋಗಲು ದಾರಿಯೆಲ್ಲಿ? ಕೆಳಬಾಗಿಲು ಲದ್ದಿಯಿಂದ ಮುಚ್ಚಿತ್ತು. ನೋಡನೋಡುತ್ತಿದ್ದಂತೆ ಬಿಲ ಕೆರೆಯಾಯಿತು.

"ಮರಿಗಳು! ಮರಿಗಳನ್ನು ಎತ್ತಿಕೊಳ್ಳಿ!" ಸೂಜಿಮಲ್ಲಿ ಕಿರುಚಿದಳು. ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿ, ಅರೆಬರೆ ತೋಡಿದ ಕೋಣೆಗೆ ಸಾಗಿಸಿದರು. ಅಲ್ಲಿ ಮರಿಗಳಿಗಷ್ಟೇ ಜಾಗ. ದೊಡ್ಡವರು ಒದ್ದೆ ಮೈಯಲ್ಲಿ ಹೊರಗೆ ಸಾಲಾಗಿ ನಿಂತು, ಮುಳ್ಳು ಹರಡಿ, ಮರಿಗಳಿಗೆ ಗಾಳಿ ತಾಗದಂತೆ ತಡೆದರು. ಸೂಜಿಮಲ್ಲಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನಾಚಿಕೆ ಸುಡುತ್ತಿತ್ತು.

ಅಷ್ಟರಲ್ಲಿ ಕರಡಿಯಣ್ಣ, ಆನೆಯಕ್ಕ ಇಬ್ಬರೂ ಓಡಿ ಬಂದರು.

"ಎಲ್ಲ ಇವಳ ಲದ್ದಿಯಿಂದ!" ಎಂದ ಕರಡಿಯಣ್ಣ. "ಲದ್ದಿಯನ್ನೆಲ್ಲ ಎತ್ತಿ ಎಸೆ, ಸರಿಹೋಗುತ್ತದೆ."

"ಇವನ ನೀರಿನಿಂದ!" ಎಂದಳು ಆನೆಯಕ್ಕ. "ಮೇಲುಬಾಗಿಲು ಮುಚ್ಚು."

ಸೂಜಿಮಲ್ಲಿ ಒಮ್ಮೆ ಮರಿಗಳ ಕಡೆ ನೋಡಿದಳು. ಅವಳ ಬೆನ್ನ ಮುಳ್ಳು ನೆಟ್ಟಗಾಯಿತು.

"ಎರಡೂ ಆಗುವುದಿಲ್ಲ," ಎಂದಳು. "ಕರಡಿಯಣ್ಣ, ನೀರು ಮೊದಲಿನಷ್ಟೇ ಸಾಕು. ಆನೆಯಕ್ಕ, ಲದ್ದಿ ಬಾಗಿಲಿಂದ ದೂರ ಇರಲಿ, ಗಾಳಿಗೆ ಅಡ್ಡವಾಗಿ. ಗೆಡ್ಡೆ ಇಬ್ಬರಿಗೂ ಕೊಡುತ್ತೇವೆ. ಬೇಡವೆಂದರೆ ನೀವು ಹೋಗಬಹುದು. ನಮಗೆ ಕೋಣೆ ತೋಡುವ ಕೆಲಸವಿದೆ."

ಇಬ್ಬರೂ ಮುಖ ಊದಿಸಿಕೊಂಡು ಹೋದರು. ಕರಡಿಯಣ್ಣ ಸಿಟ್ಟಿನಿಂದ ಕಾಲುವೆಗೆ ಮತ್ತೆ ಕಲ್ಲು ಅಡ್ಡ ಇಟ್ಟುಬಿಟ್ಟ. ಮುಳ್ಳುಹಂದಿಗಳು ಒದ್ದೆ ಮೈಯಲ್ಲೇ ಅಗೆಯಲು ನಿಂತವು. ಸಂಜೆಯ ಹೊತ್ತಿಗೆ ಎಲ್ಲರೂ ಒತ್ತಿಕೊಂಡು ಮಲಗುವಷ್ಟು ಜಾಗವಾಯಿತು. ನಾಲ್ಕಾರು ದಿನ ಯಾರ ಸುಳಿವೂ ಇರಲಿಲ್ಲ. ಆಮೇಲೆ ಗೆಡ್ಡೆಯ ಆಸೆಗೆ ಕರಡಿಯಣ್ಣ ಹದವಾಗಿ ನೀರು ಬಿಟ್ಟ. ಅವನು ಬಿಟ್ಟನೆಂದು ಆನೆಯಕ್ಕನೂ ಕೆಳಬಾಗಿಲಲ್ಲಿದ್ದ ಲದ್ದಿಯನ್ನು ತೆಗೆಸಿ, ಹೇಳಿದ ಜಾಗದಲ್ಲೇ ಹಾಕಿಸಿದಳು.

ನೀತಿ: ನೆರವು ಯಾರಿಂದಲಾದರೂ ಪಡೆಯಬಹುದು, ಆದರೆ ನಮ್ಮ ಮನೆಯನ್ನು ಹೇಗೆ ಕಟ್ಟಬೇಕೆಂದು ನಾವೇ ತೀರ್ಮಾನಿಸಬೇಕು.