ಕಾಲು ಸುತ್ತು

"ಬುದ್ಧಿ, ಜೊತೆಗಾರ ಮಾಡಿದ ಕೆಲಸವನ್ನು ಅವನಿಗೆ ತಿಳಿಯದ ಹಾಗೆ ಇನ್ನೊಮ್ಮೆ ನೋಡುವುದು ತಪ್ಪೇ?" ಎಂದು ಚೆನ್ನವೀರ ಗುರುಗಳನ್ನು ಕೇಳಿದ.

ಮಠದ ಉಗ್ರಾಣವನ್ನು ಅವನೂ ಇನ್ನೊಬ್ಬ ಶಿಷ್ಯನೂ ಕೂಡಿ ನೋಡಿಕೊಳ್ಳುತ್ತಿದ್ದರು. ಚೆನ್ನವೀರನೇ ಮುಂದುವರಿಸಿದ. "ನೋಡಿದಾಗಲೆಲ್ಲ ಏನಾದರೊಂದು ಕೊರತೆ ಸಿಕ್ಕೇ ಸಿಗುತ್ತದೆ. ನನ್ನ ಅನುಮಾನ ಸುಳ್ಳಾದ ದಿನವೇ ಇಲ್ಲ."

"ಒಂದು ದಿನವೂ ಇಲ್ಲವೋ? ಭೇಷ್! ಹಾಗಾದರೆ ಕೂತುಕೋ," ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ಮೆಕ್ಯಾನಿಕ್ ಇದ್ದ. ಕಾರಿನ ಎಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಪಳಗಿದ ಕೈ. ಕೈಯಲ್ಲೇನೂ ದೋಷವಿರಲಿಲ್ಲ, ಮನಸ್ಸೇ ಸ್ವಲ್ಪ ಸರಿಯಿರಲಿಲ್ಲ. ಅವನ ಗ್ಯಾರೇಜಿನಲ್ಲಿ ಅವನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಎಂಟು ವರ್ಷದಿಂದ ಕೆಲಸ ಮಾಡುತ್ತಿದ್ದ. ಬಾಮೈದನಿಗೆ ಬೇರೆ ಕಸುಬು ಬರುತ್ತಿರಲಿಲ್ಲ, ಬೇರೆ ಮನೆಯೂ ಇರಲಿಲ್ಲ. ಅಕ್ಕನ ಮನೆಯಲ್ಲೇ ಊಟ, ಅಲ್ಲೇ ನಿದ್ದೆ.

ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು. ಬೋಲ್ಟು ಬಿಗಿ ಮಾಡಿದವನು ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಗೆರೆ ಬಿತ್ತೆಂದರೆ ಆ ಬೋಲ್ಟಿನ ಕೆಲಸ ಮುಗಿಯಿತು. ಇನ್ನೊಬ್ಬ ಅದಕ್ಕೆ ಪಾನಾ ಹಚ್ಚಿ ತಿರುಗಿಸುವಂತಿಲ್ಲ. ಆ ಕಟ್ಟಳೆ ಮಾಡಿದವನು ಮೆಕ್ಯಾನಿಕ್ಕೇ. ಮುರಿಯುತ್ತಿದ್ದವನೂ ಅವನೇ.

ಬಾಮೈದ ಊಟಕ್ಕೆ ಹೋದನೋ, ಇವನು ಮೆಲ್ಲಗೆ ಪಾನಾ ತೆಗೆದುಕೊಂಡು ಅವನು ಬಿಗಿ ಮಾಡಿದ ಬೋಲ್ಟುಗಳಿಗೆ ಹಚ್ಚುತ್ತಿದ್ದ. ಪ್ರತಿಯೊಂದೂ ಕಾಲು ಸುತ್ತು ತಿರುಗುತ್ತಿತ್ತು. "ನೋಡಿದೆಯಾ! ಸಡಿಲ. ನಾನಿಲ್ಲದಿದ್ದರೆ ಈ ಗ್ಯಾರೇಜಿನ ಮಾನ ಹರಾಜಾಗುತ್ತಿತ್ತು," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆಮೇಲೆ ಹಳೆಯ ಗೆರೆಯನ್ನು ಪೆಟ್ರೋಲಿನ ಬಟ್ಟೆಯಿಂದ ಒರೆಸಿ ಹೊಸದು ಎಳೆಯುತ್ತಿದ್ದ. ಬಾಮೈದನಿಗೆ ಒಂದು ಮಾತೂ ಹೇಳುತ್ತಿರಲಿಲ್ಲ. ಹೇಳಿದರೆ ಹುಷಾರಾಗಿಬಿಡುತ್ತಾನೆ, ಆಮೇಲೆ ಸಿಕ್ಕಿಬೀಳುವುದಿಲ್ಲ ಎಂಬ ಲೆಕ್ಕಾಚಾರ. ಹೀಗೆ ಎರಡು ವರ್ಷ ನಡೆಯಿತು.

ಒಂದು ದಿನ ಮೆಕ್ಯಾನಿಕ್ ನೆಂಟರ ಗೃಹಪ್ರವೇಶಕ್ಕೆ ಹೊರಟ. ಬರುವುದು ನಾಳೆ ಎಂದು ಹೇಳಿ ಹೋದ. ಊಟಕ್ಕೆ ಕೂತರೂ ಅವನ ಜೀವವೆಲ್ಲ ಗ್ಯಾರೇಜಿನಲ್ಲಿ. ಪಾಯಸ ಬಡಿಸುವ ಮುಂಚೆಯೇ ಎದ್ದು ಬಸ್ಸು ಹತ್ತಿದ. ಬಂದು ನೋಡಿದರೆ ಬಾಮೈದ ಇರಲಿಲ್ಲ. ಒಂದು ಕಾರಿನ ಎಂಜಿನ್ ಮೇಲಿನ ಮುಚ್ಚಳ, ಅಂದರೆ ಹೆಡ್ಡನ್ನು ಕೂರಿಸಿ, ಎಲ್ಲ ಬೋಲ್ಟಿಗೂ ಗೆರೆ ಎಳೆದು, ಸಂಜೆಯ ಕಾಫಿಗೆ ಹೋಗಿದ್ದ.

ಇವನು ಮೊದಲನೆಯ ಬೋಲ್ಟಿಗೆ ಪಾನಾ ಹಚ್ಚಿದ. ತಿರುಗಲಿಲ್ಲ. ಸರಿಯಾಗಿದೆ ಎಂದು ಬಿಟ್ಟುಬಿಡಬಹುದಿತ್ತು. ಅನುಮಾನದವನಿಗೆ 'ಸರಿ' ಎನ್ನುವುದು ಎಲ್ಲಿ ಕಾಣುತ್ತದೆ? ಅಡ್ಡಡ್ಡ ಸಿಕ್ಕಿಕೊಂಡಿದೆ, ಅದಕ್ಕೇ ಬಿಗಿಯಾದಂತೆ ಕಾಣುತ್ತಿದೆ ಎಂದುಕೊಂಡ. ಬಂಪರಿಗೆ ಕಾಲು ಒತ್ತಿ, ಹಲ್ಲು ಕಚ್ಚಿ, ಮೈಭಾರವೆಲ್ಲ ಹಾಕಿ ಎಳೆದ. ಕಾಲು ಸುತ್ತು ತಿರುಗಿತು. ಅಷ್ಟರಲ್ಲಿ ಬಾಮೈದ ಬರುವ ಸದ್ದಾಯಿತು. ಗಡಿಬಿಡಿಯಲ್ಲಿ ಗೆರೆ ಒರೆಸಿ, ಹೊಸದು ಎಳೆದು, ಉಳಿದ ಬೋಲ್ಟುಗಳನ್ನು ಹಾಗೇ ಬಿಟ್ಟ.

ತಿಂಗಳಲ್ಲಿ ಅದೇ ಕಾರು ವಾಪಸು ಬಂತು. ಎಂಜಿನ್ ಆಯಿಲಿಗೆ ನೀರು ಸೇರಿತ್ತು. ಹೆಡ್ಡು ಒಂದೇ ಕಡೆ ಒತ್ತಿಕೊಂಡು, ಇನ್ನೊಂದು ಕಡೆ ಬಾಯಿಬಿಟ್ಟಿತ್ತು. ಬಿಚ್ಚಲು ಹೋದರೆ ಎಲ್ಲ ಬೋಲ್ಟೂ ಬಂದವು, ಆ ಒಂದು ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ಅದು ಒಳಗೇ ಮುರಿದರೆ ಎಂಜಿನ್ನಿನ ಕತೆ ಅಲ್ಲಿಗೆ ಮುಗಿದಂತೆ.

ಮೆಕ್ಯಾನಿಕ್ಕಿಗೆ ತಾನು ಎಳೆದದ್ದು ನೆನಪಿತ್ತು. ಮರೆಯುವುದಾದರೂ ಹೇಗೆ? ಮೂರು ದಿನ ಭುಜ ನೋಯುತ್ತಿತ್ತಲ್ಲ. ಆದರೆ ಅವನ ತಲೆ ಬೇರೆಯೇ ದಾರಿ ಹಿಡಿಯಿತು. ಎರಡು ವರ್ಷ ಸಡಿಲ ಬಿಟ್ಟವನು ಅವತ್ತೊಂದು ದಿನ ಮಾತ್ರ ಅಷ್ಟು ಬಿಗಿ ಏಕೆ ಮಾಡಿದ? ನಾನು ಬಂದು ತಿರುಗಿಸುತ್ತೇನೆ ಎಂದು ಗೊತ್ತಿತ್ತು. ನನ್ನ ಕೈಯಿಂದಲೇ ಕೆಡಿಸಲು ಬಲೆ ಹಾಕಿದ್ದಾನೆ! ಹೀಗೆ ಯೋಚಿಸಿ ಯೋಚಿಸಿ ಅವನ ಮೈ ಉರಿದುಹೋಯಿತು.

"ಇದು ನೀನು ಬಿಗಿ ಮಾಡಿದ ಬೋಲ್ಟು, ನೀನೇ ಬಿಚ್ಚು. ಮುರಿದರೆ ನಾಳೆಯಿಂದ ಈ ಗ್ಯಾರೇಜಿಗೂ ಬರಬೇಡ, ಮನೆಗೂ ಬರಬೇಡ," ಎಂದ.

ಬಾಮೈದನ ಮುಖ ಕಪ್ಪಿಟ್ಟಿತು. ಬೋಲ್ಟಿನ ಮೇಲಿನ ಗೆರೆಯನ್ನು ಒಂದು ಗಳಿಗೆ ನೋಡಿದ. ಬುಡಕ್ಕೆ ಡೀಸೆಲ್ ಬಿಟ್ಟು ನೆನೆಯಲು ಹಾಕಿದ. ಸುತ್ತಿಗೆಯಿಂದ ತಲೆಯ ಮೇಲೆ ಮೆಲ್ಲಗೆ ತಟ್ಟಿದ. ಮತ್ತೆ ಡೀಸೆಲ್, ಮತ್ತೆ ಸುತ್ತಿಗೆ. ಮೆಕ್ಯಾನಿಕ್ ಮೈಯೆಲ್ಲ ಕಣ್ಣಾಗಿ ಪಕ್ಕದಲ್ಲೇ ನಿಂತಿದ್ದ. ಕೊನೆಗೆ ಬಾಮೈದ ಪಾನಾದ ಹಿಡಿಗೆ ಉದ್ದನೆಯ ಪೈಪು ತೊಡಿಸಿ, ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಒತ್ತಿದ.

"ಲೇ, ಯಾವ ಕಡೆ ತಿರುಗಿಸ್ತಿದ್ದೀಯೋ? ಮುರಿದೇ ಹೋಗಲಿ ಅಂತಲಾ?" ಎಂದು ಮೆಕ್ಯಾನಿಕ್ ಕಿರುಚಿದ.

"ಕಚ್ಚಿಕೊಂಡಿದೆ ಭಾವ. ಒಂದು ಕೂದಲೆಳೆಯಷ್ಟು ಮುಂದೆ ಹೋದರೆ ಹಿಡಿತ ಬಿಡುತ್ತೆ. ಆಮೇಲೆ ಹಿಂದೆ ಬರುತ್ತೆ."

ಹಿಂದಕ್ಕೆ ಎಳೆದ. ಟಕ್ ಎಂದಿತು. ಇಬ್ಬರಿಗೂ ಜೀವ ಹೋದಂತಾಯಿತು. ಬೋಲ್ಟು ಮುರಿದಿರಲಿಲ್ಲ, ಬಿಟ್ಟುಕೊಂಡಿತ್ತು. ಒಂದೊಂದೇ ಸುತ್ತು ತಿರುಗಿಸಿ ಬಾಮೈದ ಅದನ್ನು ಇಡಿಯಾಗಿ ಹೊರಗೆ ತೆಗೆದ. ಮೆಕ್ಯಾನಿಕ್ಕಿಗೆ ಸಮಾಧಾನವಾಯಿತು. ನಿಜ ಹೇಳಬೇಕೆಂದರೆ, ಮುರಿಯಲಿಲ್ಲವಲ್ಲ ಎಂದು ಒಳಗೊಳಗೇ ಸ್ವಲ್ಪ ಬೇಸರವೂ ಆಯಿತು.

ಬಾಮೈದ ಬೋಲ್ಟನ್ನು ಅವನ ಕೈಗಿಟ್ಟ.

"ಭಾವ, ಗೆರೆ ನೋಡಿ. ನಾನು ಎಳೆಯೋದು ಸಣ್ಣದು, ನಿಮ್ಮದು ದಪ್ಪ. ನೀವು ನನ್ನ ಹಿಂದೆಯೇ ಬಂದು ಬಿಗಿ ಮಾಡೋದು ಎರಡು ವರ್ಷದಿಂದ ನನಗೆ ಗೊತ್ತು. ಹೇಳಿದರೆ ನಿಮಗೆ ನೋವಾಗುತ್ತೆ, ಹೇಳದಿದ್ದರೆ ಬೋಲ್ಟು ಹಾಳಾಗುತ್ತೆ. ಅದಕ್ಕೇ ಪ್ರತಿಯೊಂದಕ್ಕೂ ನಿಮ್ಮ ಕಾಲು ಸುತ್ತು ಬಿಟ್ಟೇ ಬಿಗಿ ಮಾಡ್ತಿದ್ದೆ. ಅವತ್ತು ನೀವು ನಾಳೆ ಬರ್ತೀನಿ ಅಂದಿದ್ದಿರಿ. ನಂಬಿ ಪೂರ್ತಿ ಬಿಗಿ ಮಾಡಿದೆ."

ಮೆಕ್ಯಾನಿಕ್ಕಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಎರಡು ವರ್ಷ ಹಿಡಿದ ತಪ್ಪುಗಳೆಲ್ಲ ಅವನೇ ಮಾಡಿಸಿದ ತಪ್ಪುಗಳು. ಅವನ ಕಣ್ಣಲ್ಲಿ ನೀರು ಬಂತು. ಬಾಮೈದನ ಕೈ ಹಿಡಿದು, ಇನ್ನು ಮೇಲೆ ನಿನ್ನ ಗೆರೆ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚೆನ್ನವೀರನಿಗೆ ಮನಸ್ಸು ಹಗುರವಾಗಿತ್ತು. "ಆಣೆ ಉಳಿಸಿಕೊಂಡನೇ ಬುದ್ಧಿ?" ಎಂದು ಕೇಳಿದ.

"ಅವನು ಸಾಯುವ ತನಕ ಉಳಿಸಿಕೊಂಡ, ಬಾಮೈದ ಮಾತ್ರ, ಹಿಂದೆ ಬಂದು ತಿರುಗಿಸುವವರು ಯಾರೂ ಇಲ್ಲದ ಇವತ್ತಿಗೂ ಕಾಲು ಸುತ್ತು ಬಿಟ್ಟೇ ಬಿಗಿ ಮಾಡುತ್ತಾನೆ."